ಮಖಮಲ್ಲಿನ ಕೆಳಗೆ ಯಾರ ನೆಲ?

‘ಬಾಂಬೆ ವೆಲ್ವೆಟ್’ ಎಂಬ ಹಿಂದಿ ಚಿತ್ರ 2015ರ ಮೇ ತಿಂಗಳಲ್ಲಿ ತೆರೆಗೆ ಬಂದು ಕೆಲವೇ ದಿನಗಳಲ್ಲಿ ಕಾಲ್ತೆಗೆಯಿತು. ಈಗ ಕೆಲವು ವಿದ್ಯಾವಂತರು ಅದನ್ನು ಮನೆಯಲ್ಲಿ ಕುಳಿತು ನೋಡಿ, “ಆ ದಿನ ಜನರಿಗೆ ಅರ್ಥವಾಗಲಿಲ್ಲ” ಎಂದು ಮರುಗುತ್ತಿದ್ದಾರೆ. ಜನರಿಗೆ ಚೆನ್ನಾಗಿಯೇ ಅರ್ಥವಾಗಿತ್ತೆಂಬುದು ನಮ್ಮ ಅಭಿಪ್ರಾಯ.

ಚೆಂದವನ್ನು ಚೆಂದವೆನ್ನಲು ನಮಗೆ ಸಂಕೋಚವಿಲ್ಲ. ನಿರ್ದೇಶಕ ಅನುರಾಗ್ ಕಶ್ಯಪರು 1960ರ ದಶಕದ ಮುಂಬಯಿಯನ್ನು ಶ್ರೀಲಂಕಾದಲ್ಲಿ ಹೊಸದಾಗಿ ಕಟ್ಟಿಸಿ ನಿಲ್ಲಿಸಿದರು. ಬೀದಿ, ಉಡುಪು, ಕ್ಲಬ್ಬಿನ ದೀಪ ಎಲ್ಲವೂ ಕಣ್ಣಿಗೆ ಹಬ್ಬ. ಅಮಿತ್ ತ್ರಿವೇದಿಯವರ ಸಂಗೀತ ಚಿತ್ರಕ್ಕಿಂತ ಹೆಚ್ಚು ಕಾಲ ಬಾಳುತ್ತದೆ. ಆದರೆ ಕಥೆ? ಹಾಸು ರೇಶಿಮೆಯದು, ಹೊಕ್ಕು ನಡುನಡುವೆ ಕಡಿದಿದೆ; ಮಗ್ಗದ ಮುಂದೆ ನಿಲ್ಲುವವರಿಗೆ ಇದನ್ನು ಬಿಡಿಸಿ ಹೇಳಬೇಕಾಗಿಲ್ಲ. ಅಮೆರಿಕದ ಹೆಸರಾಂತ ಸಂಕಲನಕಾರ್ತಿ ಥೆಲ್ಮಾ ಸ್ಕೂನ್‌ಮೇಕರ್ ಕೈಹಾಕಿದರೂ ಎಳೆ ಕೂಡಿಲ್ಲ. ತನಿಖೆಗೆ ಬರುವ ಪೊಲೀಸ್ ಅಧಿಕಾರಿಗೆ ಕೆಲಸವೇ ಇಲ್ಲ. ನಾಯಕಿ ಸತ್ತಳೆಂದು ನಂಬಿಸಿ, ಆಕೆಯನ್ನೇ ಅವಳಿ ಸೋದರಿಯೆಂದು ತಂದು ನಿಲ್ಲಿಸುವ ಉಪಾಯವಂತೂ ನಮ್ಮ ಕಂಪೆನಿ ನಾಟಕದವರೂ ಎಂದೋ ಕೈಬಿಟ್ಟದ್ದು.

ಬಲರಾಜನೆಂಬ ಅನಾಥ ಹುಡುಗ ಮುಂಬಯಿಗೆ ಬಂದು, ಹಳೆಯದೊಂದು ಅಮೆರಿಕನ್ ಗೂಂಡಾ ಚಿತ್ರ ನೋಡಿ, ತಾನೂ ‘ದೊಡ್ಡ ಮನುಷ್ಯ’ನಾಗಬೇಕೆಂದು ಹೊರಡುತ್ತಾನೆ. ಖಂಬಾಟಾ ಎಂಬ ಪತ್ರಿಕಾ ಧಣಿ ಅವನನ್ನು ಸಾಕಿ, ಕ್ಲಬ್ಬಿನ ಯಜಮಾನಿಕೆ ಕೊಟ್ಟು, ಕೊಲೆಗೂ ಬೆದರಿಕೆಗೂ ಬಳಸುತ್ತಾನೆ. ಧಣಿಯ ಕಣ್ಣಿರುವುದು ಸಮುದ್ರ ತುಂಬಿಸಿ ಪಡೆಯುವ ನೆಲದ ಮೇಲೆ. ಖಂಬಾಟಾನ ಎದುರಾಳಿ ಮಿಸ್ತ್ರಿ, ಎಡಪಂಥದ ಸಂಪಾದಕ. ಅವನೂ ಸಿರಿವಂತನೇ, ಹೆಣ್ಣೊಬ್ಬಳನ್ನು ಗೂಢಚಾರಿಣಿಯಾಗಿ ಛೂಬಿಡುವವನೇ. ಬಂಡವಾಳಗಾರನೂ ಕೆಂಪು ಬಾವುಟದವನೂ ಒಂದೇ ತಕ್ಕಡಿಯ ಎರಡು ತಟ್ಟೆಗಳೆಂದು ತೋರಿಸಿಬಿಟ್ಟರೆ ಯಾರಿಗೆ ಅನುಕೂಲವೆಂಬುದನ್ನು ವಾಚಕರೇ ಊಹಿಸಲಿ. ಮುಖ್ಯ ಪಾತ್ರಗಳಲ್ಲಿ ಗಿರಣಿ ಕಾರ್ಮಿಕನೊಬ್ಬನೂ ಇಲ್ಲ.

ನಮ್ಮ ತಕರಾರಿನ ಮೂಲ ಇಲ್ಲಿದೆ. ಈ ಚಿತ್ರಕ್ಕೆ ಆಧಾರ ಇತಿಹಾಸಕಾರ ಜ್ಞಾನ ಪ್ರಕಾಶರ 2010ರ ಗ್ರಂಥ ‘ಮುಂಬೈ ಫೇಬಲ್ಸ್’. ಸರಕಿಗೆ ಬರಗಾಲವಿರಲಿಲ್ಲ. 1920ರ ದಶಕದಲ್ಲಿ ಬ್ಯಾಕ್ ಬೇ ಸಮುದ್ರ ತುಂಬಿಸುವ ಸರ್ಕಾರಿ ಯೋಜನೆಯ ಹಗರಣವನ್ನು ಬಯಲಿಗೆಳೆದವರು ಕೆ. ಎಫ್. ನರಿಮನ್. ಮುಂದೆ ಅದೇ ಕೊಲ್ಲಿಯನ್ನು ತುಂಬಿಸಿ ಗಗನಚುಂಬಿ ಕಟ್ಟಡಗಳನ್ನೆಬ್ಬಿಸಿದ ಜಾಗಕ್ಕೆ ಅವರದೇ ಹೆಸರು, ನರಿಮನ್ ಪಾಯಿಂಟ್! ಇಂಥ ಕುಹಕವನ್ನು ಯಾವ ಕಥೆಗಾರನೂ ಹೆಣೆಯಲಾರ.

ಬಲರಾಜನಂತೆಯೇ ಬರಿಗೈಯಲ್ಲಿ ಮುಂಬಯಿಗೆ ಬಂದವರು ಲಕ್ಷಾಂತರ ಜನ. ಮಂಗಳೂರಿನ ಜಾರ್ಜ್ ಫರ್ನಾಂಡಿಸ್ 1950ರ ಸುಮಾರಿಗೆ ಅಲ್ಲಿಗೆ ಹೋಗಿ ಚೌಪಾಟಿಯ ಬೆಂಚಿನ ಮೇಲೆ ಮಲಗಿದರು. ಅವರು ಬಂದೂಕು ಹಿಡಿಯಲಿಲ್ಲ. ಟ್ಯಾಕ್ಸಿ ಚಾಲಕರನ್ನೂ ಪುರಸಭೆಯ ಕಾರ್ಮಿಕರನ್ನೂ ಸಂಘಟಿಸಿದರು. 1967ರಲ್ಲಿ ದಕ್ಷಿಣ ಮುಂಬಯಿಯಲ್ಲಿ ಕಾಂಗ್ರೆಸ್ಸಿನ ದೈತ್ಯ ಎಸ್. ಕೆ. ಪಾಟೀಲರನ್ನು ಸೋಲಿಸಿದರು. ಚಿತ್ರದ ಮುಖ್ಯ ಕಥೆ ನಡೆಯುವುದು ಅದಾದ ಎರಡು ವರ್ಷಕ್ಕೆ. ಇನ್ನು ರಕ್ತವೇ ಬೇಕೆನ್ನುವವರಿಗೆ ಅದೂ ಉಂಟು: 1970ರ ಜೂನ್ 5ರಂದು ಪರೇಲಿನ ಕಮ್ಯುನಿಸ್ಟ್ ಶಾಸಕ ಕೃಷ್ಣ ದೇಸಾಯಿಯವರ ಕೊಲೆಯಾಯಿತು. ಗಿರಣಿ ಬಸ್ತಿಯಲ್ಲಿ ಕೆಂಪು ಬಾವುಟದ ಸಂಘದ ಬೆನ್ನು ಮುರಿಯತೊಡಗಿದ್ದು ಆ ಕಾಲದಲ್ಲಿ. ಎರಡೂ ಕೈಯಲ್ಲಿ ಮಷಿನ್ ಗನ್ ಹಿಡಿದ ನಾಯಕನಿಗೆ ಇದಾವುದರ ಗೊಡವೆಯೂ ಇಲ್ಲ.

ಮುಂದಿನ ಕಥೆ ನೆಲದ್ದೇ. 1982ರ ಜನವರಿ 18ರಂದು ದತ್ತಾ ಸಾಮಂತರ ಮುಂದಾಳ್ತನದಲ್ಲಿ ಸುಮಾರು ಎರಡೂವರೆ ಲಕ್ಷ ಗಿರಣಿ ಕಾರ್ಮಿಕರು ಕೆಲಸ ಬಿಟ್ಟು ಹೊರಬಂದರು. ಆ ಮುಷ್ಕರಕ್ಕೆ ಜಯವೂ ಸಿಗಲಿಲ್ಲ, ವಿಧ್ಯುಕ್ತ ಮುಕ್ತಾಯವೂ ಆಗಲಿಲ್ಲ. ಗಿರಣಿ ನಿಂತರೆ ಬರಿಯ ಸಾಳೇ ನಿಲ್ಲುವುದಿಲ್ಲ. ಖಾನಾವಳಿ, ಚಹದಂಗಡಿ, ಉದ್ರಿ ಕೊಟ್ಟ ಕಿರಾಣಿ ಅಂಗಡಿ ಎಲ್ಲವೂ ಕೂಡಿಯೇ ಮುಳುಗುತ್ತವೆ. 1991ರ ನಿಯಮದಂತೆ ಗಿರಣಿ ಜಮೀನನ್ನು ಮೂರು ಪಾಲು ಮಾಡಿ, ಒಂದು ಊರಿನ ಬಯಲಿಗೆ, ಒಂದು ಬಡವರ ಮನೆಗಳಿಗೆ, ಒಂದು ಮಾಲಿಕರಿಗೆ ಎಂದಾಯಿತು. 2001ರ ತಿದ್ದುಪಡಿ ಕಟ್ಟಡವಿಲ್ಲದ ಖಾಲಿ ಜಾಗವನ್ನಷ್ಟೇ ಲೆಕ್ಕಕ್ಕೆ ಹಿಡಿಯಿತು. ಊರಿನ ಪಾಲೂ ಬಡವರ ಪಾಲೂ ಕುಗ್ಗಿಹೋದವು. 2006ರಲ್ಲಿ ಸುಪ್ರೀಂ ಕೋರ್ಟು ಅದನ್ನೇ ಎತ್ತಿಹಿಡಿಯಿತು. ಒಂದು ಗುಂಡೂ ಹಾರದೆ, ಒಂದು ಗೆಜೆಟ್ಟಿನ ಹಾಳೆಯಲ್ಲಿ ಕೆಲಸ ಮುಗಿಯಿತು. ಖಂಬಾಟಾನಿಗೆ ಇಷ್ಟು ಬುದ್ಧಿಯಿದ್ದಿದ್ದರೆ ಬಲರಾಜನನ್ನು ಸಾಕುವ ಖರ್ಚೇ ಇರಲಿಲ್ಲ.

ಮಖಮಲ್ಲಿನ ಕ್ಲಬ್ಬು ನೋಡಲು ಶ್ರೀಲಂಕಾಕ್ಕೂ ಹೋಗಬೇಕಿರಲಿಲ್ಲ. ಲೋವರ್ ಪರೇಲಿನ ಕಮಲಾ ಮಿಲ್ಸ್ ಆವರಣದಲ್ಲಿ ನೂಲಿನ ಬದಲು ಪಾನಗೃಹಗಳೆದ್ದವು. 2017ರ ಡಿಸೆಂಬರ್ 29ರ ನಡುರಾತ್ರಿ ಅಲ್ಲಿ ಬೆಂಕಿ ಬಿದ್ದು 14 ಜನ ಸತ್ತರು.

ಚಿತ್ರವನ್ನು ನೋಡಬೇಡಿರೆಂದು ನಾವು ಹೇಳುವುದಿಲ್ಲ. ನೋಡುವವರು ನೆಲದ ಮಾತು ಬಂದಾಗ ಕಿವಿಗೊಟ್ಟು ಕೇಳಿರಿ. ಅದು ಬೇಗ ಮುಗಿದುಹೋಗುತ್ತದೆ.