‘ಬೇಡದ ಭಾಷೆ’ಗಳ ಪಟ್ಟಿಯಲ್ಲಿ ಕನ್ನಡ!

“ರೆಡಿಮೇಡ್ ಇಮೇಜ್ ಸಿಗುವಾಗ ನಾವ್ಯಾಕೆ ತಲೆ ಕೆಡಿಸಿಕೊಳ್ಳಬೇಕು ಮಾಷ್ಟ್ರೇ?” ರಾಸ್‌ಬೆರಿ ಪೈಯಂಥ ಪುಟ್ಟ ಬೋರ್ಡಿಗೆ ನಾವೇ ಲಿನಕ್ಸ್ ಕಟ್ಟೋಣ ಅಂದರೆ ಬರುವ ಮೊದಲ ಮಾತು ಇದು. ಇಂಟರ್‌ನೆಟ್ಟಿನಿಂದ ಇಳಿಸಿ, ಮೆಮೊರಿ ಕಾರ್ಡಿಗೆ ಬರೆದು, ಕರೆಂಟು ಕೊಟ್ಟರೆ ಮುಗಿಯಿತಂತೆ. ಮುಗಿಯುವುದಿಲ್ಲ ಮಾರಾಯ್ರೇ!

ಕಾಸರಗೋಡಿನ ಕನ್ನಡ ಶಾಲೆಗಳಿಗೆ ಲಿನಕ್ಸ್ ಹೊಸತೇನಲ್ಲ. ಕೇರಳದ ಐಟಿ ಎಟ್ ಸ್ಕೂಲ್ ಯೋಜನೆ ಸ್ವತಂತ್ರ ತಂತ್ರಾಂಶವನ್ನು ತರಗತಿಗೇ ತಂದಿತು. ಅದು 2017ರಲ್ಲಿ ‘ಕೈಟ್’ ಆಯಿತು, 2018ರಲ್ಲಿ ಲಿಟಲ್ ಕೈಟ್ಸ್ ಕ್ಲಬ್ಬುಗಳು ಬಂದವು. ಆದರೆ ಬಳಸುವುದು ಬೇರೆ, ಕಟ್ಟುವುದು ಬೇರೆ. ಬಳಸುವವನಿಗೆ ಬೇರೆಯವರು ಕೊಟ್ಟದ್ದೇ ಪ್ರಸಾದ.

ಕಟ್ಟುವುದು ಇಂಜಿನಿಯರುಗಳ ಕೆಲಸ ಅನ್ನುತ್ತೀರಾ? ‘ಬಿಲ್ಡ್‌ರೂಟ್’ ಎಂಬ ಉಚಿತ ಸಾಧನವಿದೆ. ನಿಮ್ಮ ಬೋರ್ಡಿನ ಹೆಸರಿನ ಸಿದ್ಧ ಸಂರಚನೆ ಆರಿಸಿ, ಮೆನುವಿನಲ್ಲಿ ಬೇಕಾದ್ದಕ್ಕೆ ಗುರುತು ಹಾಕಿ, ‘ಮೇಕ್’ ಅನ್ನಿ. ಕಂಪೈಲರ್, ಕರ್ನೆಲ್, ಕಡತ ವ್ಯವಸ್ಥೆ ಎಲ್ಲವನ್ನೂ ಮೂಲ ಸಂಕೇತದಿಂದಲೇ ಕಟ್ಟಿ, ಕೊನೆಗೆ ಕಾರ್ಡಿಗೆ ಬರೆಯುವ ಒಂದೇ ಇಮೇಜ್ ಕೊಡುತ್ತದೆ. ಹಳೆಯ ಕಂಪ್ಯೂಟರಿನಲ್ಲಿ ಮೊದಲ ಸಲ ಕೆಲವು ಗಂಟೆ ಹಿಡಿಯಬಹುದು. ಹಿಡಿಯಲಿ ಬಿಡಿ, ರಾತ್ರಿ ಓಡಲಿ.

ಆ ಮೆನುವಿನಲ್ಲೇ ಇರುವ ಒಂದು ಸಾಲನ್ನು ಗಮನಿಸಿ: ‘ಬೇಡದ ಲೊಕೇಲ್‌ಗಳನ್ನು ಅಳಿಸು’. ಲೊಕೇಲ್ ಅಂದರೆ ಒಂದು ಭಾಷೆ ಮತ್ತು ಪ್ರದೇಶದ ಸಂದೇಶ, ದಿನಾಂಕ, ಅಕ್ಷರಕ್ರಮಗಳ ಏರ್ಪಾಡು. ಈ ಆಯ್ಕೆಗೆ ಮೊದಲೇ ಗುರುತು ಬಿದ್ದಿರುತ್ತದೆ! ಉಳಿಸಬೇಕಾದವುಗಳ ಪಟ್ಟಿಯಲ್ಲಿ ಇರುವುದು ಎರಡೇ: ‘ಸಿ’ ಎಂಬ ಮೂಲ ಏರ್ಪಾಡು ಮತ್ತು ಅಮೆರಿಕದ ಇಂಗ್ಲಿಷ್. ತಂತ್ರಾಂಶಗಳ ಕನ್ನಡ ಅನುವಾದ ಇದ್ದರೂ ಅದು ಬೋರ್ಡಿಗೆ ತಲುಪುವ ಮೊದಲೇ ಕಸದ ಬುಟ್ಟಿ ಸೇರುತ್ತದೆ. ಇದರಲ್ಲಿ ಯಾರ ದ್ವೇಷವೂ ಇಲ್ಲ, ಜಾಗ ಉಳಿಸುವ ಲೆಕ್ಕಾಚಾರ ಅಷ್ಟೇ. ಆದರೆ ಗಡಿಯಾಚೆಯ ಕನ್ನಡಿಗರಾದ ನಮಗೆ ಈ ಲೆಕ್ಕ ಹೊಸದೇ? ದ್ವೇಷವಿಲ್ಲದೆಯೂ ಭಾಷೆಯೊಂದು ಪಟ್ಟಿಯಿಂದ ಬಿಟ್ಟುಹೋಗುತ್ತದೆ. ಕೇಳುವವರಿಲ್ಲದಿದ್ದರೆ ಸಾಕು.

ಸರಿಪಡಿಸಲು ಎಷ್ಟು ಹೊತ್ತು? ಉಳಿಸುವ ಪಟ್ಟಿಗೂ ತಯಾರಿಸುವ ಪಟ್ಟಿಗೂ ಕನ್ನಡ ಸೇರಿಸಿ. ‘ಗುಬ್ಬಿ’ ಅಥವಾ ‘ನವಿಲು’ ಫಾಂಟಿನ ಕಡತವನ್ನು ‘ಓವರ್‌ಲೇ’ ಫೋಲ್ಡರಿನಲ್ಲಿ ಇಟ್ಟರೆ ಅದು ಹಾಗೆಯೇ ಇಮೇಜಿನೊಳಗೆ ಬರುತ್ತದೆ. ಒಂದು ಎಚ್ಚರಿಕೆ: ಲಿನಕ್ಸಿನ ಕಪ್ಪು ಕನ್ಸೋಲಿನಲ್ಲಿ ಕನ್ನಡ ಮೂಡದು. ಅಲ್ಲಿ ಹೆಚ್ಚೆಂದರೆ 512 ಅಕ್ಷರರೂಪಗಳು, ಒತ್ತಕ್ಷರ ಜೋಡಿಸುವ ವ್ಯವಸ್ಥೆಯೂ ಇಲ್ಲ. ‘ಸ್ತ್ರೀ’ ಸರಿಯಾಗಿ ಕಾಣಬೇಕಾದರೆ ‘ಹಾರ್ಫ್‌ಬಜ್’ ಬಳಸುವ ಚಿತ್ರಾತ್ಮಕ ತಂತ್ರಾಂಶ ಬೇಕು. ಅದಕ್ಕೂ ಮೆನುವಿನಲ್ಲಿ ಗುರುತು ಹಾಕಿ.

“ಬೂಟ್ ಆಗದಿದ್ದರೆ?” ಪಾಠ ಶುರುವಾಗುವುದೇ ಅಲ್ಲಿ! ಪೈ 3ರಂಥ ಬೋರ್ಡಿನಲ್ಲಿ ಮೊದಲು ಏಳುವುದು ಮುಖ್ಯ ಪ್ರೊಸೆಸರ್ ಅಲ್ಲ, ಗ್ರಾಫಿಕ್ಸ್ ಭಾಗ. ಅದು ಕಾರ್ಡಿನ ಮೊದಲ ವಿಭಾಗದಿಂದ ಫರ್ಮ್‌ವೇರ್ ಓದಿ, ಸಂರಚನೆಯ ಕಡತ ನೋಡಿ, ಆಮೇಲೆ ಕರ್ನೆಲನ್ನು ಎಬ್ಬಿಸುತ್ತದೆ. ಪರದೆಯಲ್ಲಿ ಕಾಮನಬಿಲ್ಲು ಮೂಡಿ ಅಲ್ಲೇ ನಿಂತರೆ ಫರ್ಮ್‌ವೇರ್ ಎದ್ದಿದೆ, ತೊಂದರೆ ಕರ್ನೆಲ್ಲಿನ ಕಡೆ ಅಂತ ಊಹಿಸಬಹುದು. ಕಾರಣ ಹುಡುಕುವ ಈ ಅಭ್ಯಾಸವನ್ನು ಯಾವ ರೆಡಿಮೇಡ್ ಇಮೇಜ್ ಕಲಿಸೀತು, ನೀವೇ ಹೇಳಿ. ಆ ಫರ್ಮ್‌ವೇರಿನ ಮೂಲ ಸಂಕೇತ ಮಾತ್ರ ಮುಕ್ತವಲ್ಲ. ಮಕ್ಕಳಿಗೆ ಅದನ್ನೂ ಹೇಳಬೇಕು.

ಕನ್ನಡ ಉಳಿಸಿ ಅಂತ ಮನವಿ ಬರೆಯುವುದು ತಪ್ಪಲ್ಲ, ಬರೆಯೋಣ. ಆದರೆ ಈ ಪಟ್ಟಿಗೆ ಕನ್ನಡ ಸೇರಿಸಲು ಯಾವ ಕಚೇರಿಗೂ ಅಲೆಯಬೇಕಿಲ್ಲ, ಯಾರ ಸಹಿಯೂ ಬೇಡ. ಒಂದು ಕಂಪ್ಯೂಟರ್, ಒಂದು ಬೋರ್ಡ್, ನಾಲ್ಕು ಮಕ್ಕಳು ಸಾಕು. ಅದನ್ನೂ ಮಾಡದಿದ್ದರೆ ಬೇರೆಯವರನ್ನು ದೂರುವ ಹಕ್ಕು ನಮಗೆಲ್ಲಿದೆ ಸ್ವಾಮೀ?