ಮುದ್ರೆ ಬಿದ್ದ ಎಂಜಿನ್ನು

ಕೋಲಾರದಿಂದ ಬೆಂಗಳೂರಿಗೆ ಹೋಗುವ ದಾರಿಯಲ್ಲಿ ನರಸಾಪುರವೆಂಬ ಊರುಂಟು. 2013ರಲ್ಲಿ ಅಲ್ಲಿ ಹೋಂಡಾ ಸಂಸ್ಥೆಯವರ ದ್ವಿಚಕ್ರವಾಹನಗಳ ಕಾರ್ಖಾನೆ ಆರಂಭವಾಯಿತು. ಮಾಲೂರು, ಮುಳಬಾಗಿಲು, ಶ್ರೀನಿವಾಸಪುರಗಳ ಬೀದಿಗಳಲ್ಲಿ ಹೋಂಡಾ ವಾಹನವನ್ನು ಕಾಣದ ದಿನವಿಲ್ಲ. ಇದೇ ಹೋಂಡಾದ ಮೋಟಾರುಸೈಕಲ್ಲು ಮೋಟೋಜಿಪಿಯೆಂಬ ಅಗ್ರಶ್ರೇಣಿಯ ಜಾಗತಿಕ ಪಂದ್ಯದಲ್ಲಿ 2023ರಲ್ಲಿಯೂ 2024ರಲ್ಲಿಯೂ ಐವರು ತಯಾರಕರ ಪೈಕಿ ಕಟ್ಟಕಡೆಯದಾಯಿತು. 2013ರಿಂದ 2019ರ ವರೆಗಿನ ಏಳು ವರ್ಷಗಳಲ್ಲಿ ಆರು ಸಾರಿ ತನ್ನ ಸವಾರನಾದ ಮಾರ್ಕ್ ಮಾರ್ಕ್ವೆಜನಿಗೆ ವಿಶ್ವವಿಜೇತ ಪದವಿಯನ್ನು ದೊರಕಿಸಿದ ಸಂಸ್ಥೆಗೆ ಈ ಗತಿಯೆ? ಧನವೂ ಬುದ್ಧಿಯೂ ಉಳ್ಳವರು ಉತ್ತಮವಾದ ಬೇರೊಂದು ಎಂಜಿನ್ನನ್ನು ಮಾಡಿಕೊಳ್ಳಬಾರದೆ, ಎಂದು ವಾಚಕರು ಕೇಳಬಹುದು. ಮಾಡಿಕೊಳ್ಳಬಲ್ಲರು, ಬೇಕಾದಾಗ ಮಾಡಿಕೊಳ್ಳಲು ನಿಯಮವು ಬಿಡದು.

ಪಂದ್ಯವರ್ಷದ ಆರಂಭದಲ್ಲಿ ತಯಾರಕನು ತನ್ನ ಎಂಜಿನ್ನಿನ ರಚನೆಯನ್ನು ಒಪ್ಪಿಸಬೇಕು. ಅನಂತರ ಅದಕ್ಕೆ ಮುದ್ರೆ ಬೀಳುತ್ತದೆ. ವರ್ಷ ಮುಗಿಯುವ ತನಕ ಒಳಗಿನ ರಚನೆಯನ್ನು ಬದಲಿಸುವಂತಿಲ್ಲ. ವೆಚ್ಚವು ಮಿತಿಮೀರಬಾರದೆಂಬುದು ಇದರ ಉದ್ದೇಶ. ಉದ್ದೇಶವು ಸಾಧುವಾದದ್ದೇ. ಆದರೆ ಮುದ್ರೆಗೆ ವಿವೇಚನೆಯಿಲ್ಲ. ಅದು ಗುಣವನ್ನು ಕಾಪಾಡುವಂತೆಯೇ ದೋಷವನ್ನೂ ಕಾಪಾಡುತ್ತದೆ.

ಸುಜುಕಿಯವರ ವೃತ್ತಾಂತವೇ ಇದಕ್ಕೆ ನಿದರ್ಶನ. ಹಿಂದುಳಿದವರಿಗೆ ಮುದ್ರೆಯಿಂದ ವಿನಾಯಿತಿ ಕೊಡುವ ಪದ್ಧತಿ ಆಗಲೂ ಇದ್ದಿತು. 2016ರಲ್ಲಿ ಅವರು ಸಿಲ್ವರ್‌ಸ್ಟೋನಿನ ಪಂದ್ಯವನ್ನು ಗೆದ್ದರು. ಆ ವರ್ಷದ ಸಾಧನೆಯ ಫಲವಾಗಿ ವಿನಾಯಿತಿಯನ್ನು ಕಳೆದುಕೊಂಡರು. 2017ಕ್ಕೆ ಅವರು ಆರಿಸಿದ ಎಂಜಿನ್ನಿನ ಕ್ರ್ಯಾಂಕ್‌ಶಾಫ್ಟು ಹೊಂದಲಿಲ್ಲ. ದೋಷವು ತಿಳಿಯಿತು, ತಿದ್ದಲು ಅಧಿಕಾರವಿರಲಿಲ್ಲ. ಆ ವರ್ಷ ಒಮ್ಮೆಯಾದರೂ ಮೊದಲ ಮೂವರಲ್ಲಿ ಅವರ ಸವಾರರು ಬರಲಿಲ್ಲ. 2018ರಲ್ಲಿ ವಿನಾಯಿತಿಯು ಮರಳಿತು, ಜೊತೆಗೆ ಮರ್ಯಾದೆಯೂ ಮರಳಿತು.

2024ರ ಪಂದ್ಯವರ್ಷಕ್ಕಾಗಿ ಈ ಪದ್ಧತಿಯನ್ನು ತಿದ್ದಿ, ತಯಾರಕರನ್ನು ಗಳಿಸಿದ ಅಂಕಗಳ ಪ್ರಕಾರ ನಾಲ್ಕು ದರ್ಜೆಗಳಾಗಿ ವಿಂಗಡಿಸಿದರು. ಗಳಿಸಬಹುದಾದ ಅಂಕಗಳಲ್ಲಿ ನೂರಕ್ಕೆ 35ಕ್ಕಿಂತ ಕಡಿಮೆ ಪಡೆದವರು ಕಡೆಯ ದರ್ಜೆಯವರು. ಅವರು ವರ್ಷದ ನಡುವೆಯೂ ಎಂಜಿನ್ನನ್ನು ತಿದ್ದಬಹುದು, ಹೆಚ್ಚಾಗಿ ಪರೀಕ್ಷಿಸಿ ನೋಡಬಹುದು. ಹೋಂಡಾ, ಯಮಹಾ ಇಬ್ಬರೂ ಅಲ್ಲಿ ಸೇರಿದರು. ಹೋಂಡಾದವರು ಈ ಅವಕಾಶವನ್ನು ವ್ಯರ್ಥಮಾಡಲಿಲ್ಲ. 2025ರ ಮೇ 11ರಂದು ಫ್ರಾನ್ಸಿನ ಲೆ ಮಾನಿನಲ್ಲಿ ಜೊಹಾನ್ ಜಾರ್ಕೊ ಅವರ ವಾಹನದ ಮೇಲೆ ಗೆದ್ದನು. ವರ್ಷಾಂತ್ಯದ ಹೊತ್ತಿಗೆ ಸಂಸ್ಥೆಯು 35ರ ಗೆರೆಯನ್ನು ದಾಟಿ ಮೇಲಿನ ದರ್ಜೆಗೆ ಏರಿತು. ಏರಿದ ಫಲವೇನು? 2026ರ ಪಂದ್ಯವರ್ಷಕ್ಕೆ ಅದರ ಎಂಜಿನ್ನಿಗೂ ಮುದ್ರೆ! 2027ಕ್ಕೆ 1000 ಸಿ.ಸಿ.ಯನ್ನು 850ಕ್ಕೆ ಇಳಿಸುವ ಹೊಸ ನಿಯಮವಿರುವುದರಿಂದ, ಹಳೆಯ ಎಂಜಿನ್ನಿಗೆ ಇನ್ನು ಹಣ ಸುರಿಯಬಾರದೆಂಬುದು ಅದಕ್ಕೆ ಕಾರಣ.

ಬಹುಕಾಲ ಪಾಠ ಹೇಳಿದ ನಮಗೆ ಇದು ಹೊಸ ಸಂಗತಿಯಾಗಿ ತೋರಲಿಲ್ಲ. ಹಿಂದುಳಿದ ಹುಡುಗನನ್ನು ಸಂಜೆ ಕೂರಿಸಿಕೊಂಡು ಕಲಿಸುತ್ತೇವೆ. ಅವನು ತೇರ್ಗಡೆಯಾದ ಮರುದಿನವೇ ಕೈಬಿಡುತ್ತೇವೆ. ಕೈಬಿಡುವುದು ನ್ಯಾಯವೇ, ಏಕೆಂದರೆ ಇನ್ನೊಬ್ಬನು ಬಾಗಿಲಲ್ಲಿ ಕಾದಿರುತ್ತಾನೆ. ಆದರೆ ಅವನು ಮತ್ತೆ ಎಡವಿದರೆ ನೋಡುವವರಾರು? 2024ರ ನಿಯಮವು ವರ್ಷಕ್ಕೊಂದು ಸಾರಿಯಲ್ಲ, ಎರಡು ಸಾರಿ ದರ್ಜೆಯನ್ನು ಪರಿಶೀಲಿಸಲು ಏರ್ಪಡಿಸಿತು. ನಮಗೆ ಮೆಚ್ಚಿಕೆಯಾದದ್ದು ಅದೇ.

ನಿರ್ಬಂಧವು ಸಂಸಾರದಲ್ಲಿಯೂ ಬೇಕು, ಪಂದ್ಯದಲ್ಲಿಯೂ ಬೇಕು. ಮಗುವಿನ ಒಂದು ಪರೀಕ್ಷೆಯ ಅಂಕವನ್ನು ಕಂಡು ಅದರ ಬುದ್ಧಿಗೆ ಮುದ್ರೆಯೊತ್ತುವ ತಂದೆತಾಯಿಗಳು ಇಷ್ಟನ್ನು ಯೋಚಿಸಲಿ: ತಪ್ಪು ತಿಳಿದ ಮೇಲೆ ತಿದ್ದಿಕೊಳ್ಳಲು ಎಡೆಯಿರಬೇಕು.