ವಸ್ತಾದ ಉಳಿಸಿಕೊಂಡ ಪಟ್ಟು

ತುಳಸಿಗೇರಿಯ ಹನುಮಪ್ಪನ ಸೀಮೆಯಲ್ಲಿ ಗರಡಿಯ ಗುರುವಿಗೆ ವಸ್ತಾದನೆಂದು ಹೆಸರು. ಶಿಷ್ಯನಿಗೆ ಎಲ್ಲ ಪಟ್ಟುಗಳನ್ನೂ ಕಲಿಸಿ, ಒಂದನ್ನು ಮಾತ್ರ ವಸ್ತಾದನು ತನ್ನಲ್ಲಿಯೇ ಉಳಿಸಿಕೊಳ್ಳುವನೆಂದು ಹಳೆಯ ಕಥೆಯುಂಟು. ಬೆಂಗಳೂರಿನ ಕಾಲ್ಚೆಂಡಾಟಕ್ಕೆ ಅಂತಹ ವಸ್ತಾದನೊಬ್ಬನು 2013ರಲ್ಲಿ ಇಂಗ್ಲೆಂಡಿನಿಂದ ಬಂದನು. ಆತನೇ ಆಶ್ಲಿ ವೆಸ್ಟ್‌ವುಡ್.

1976ರಲ್ಲಿ ಹುಟ್ಟಿದ ಈತ ಮ್ಯಾಂಚೆಸ್ಟರ್ ಯುನೈಟೆಡ್ ತಂಡದ ಕಿರಿಯರ ಬಳಗದಲ್ಲಿ ಪಳಗಿದವನು. ಆದರೆ ಹಿರಿಯರ ತಂಡದ ಬಾಗಿಲು ತೆರೆಯಲಿಲ್ಲ. ಕ್ರೂ, ಬ್ರ್ಯಾಡ್‌ಫರ್ಡ್, ಷೆಫೀಲ್ಡ್, ರೆಕ್ಸ್‌ಹ್ಯಾಮ್ ಎಂದು ಊರಿಂದೂರಿಗೆ ತಿರುಗುತ್ತ ಬ್ಯಾಕ್ ಆಟಗಾರನಾಗಿಯೇ ಕಾಲ ಕಳೆದನು. ಗೋಲು ಹೊಡೆದವನಿಗೆ ಹಾರ. ತಡೆದವನ ನೆನಪು ಜನಕ್ಕೆ ಬರುವುದು ಆತ ತಪ್ಪಿದಾಗ ಮಾತ್ರ. ಆ ಬಾಳಿನಲ್ಲಿ ಕಾಯುವ ವಿದ್ಯೆಯನ್ನು ಮಾತ್ರ ಆತ ಚೆನ್ನಾಗಿ ಕಲಿತನು.

ಅದೇ ವರ್ಷ ಹುಟ್ಟಿದ ಬೆಂಗಳೂರು ಎಫ್.ಸಿ.ಗೆ ಆತನೇ ಮೊದಲ ತರಬೇತುದಾರ. ಸುನಿಲ್ ಛೇತ್ರಿ ನಾಯಕ. ಕಣ್ಣು ಬಿಡುವ ಮೊದಲೇ ಓಡತೊಡಗಿದ ಕೂಸಿನಂತೆ ಈ ತಂಡ 2014ರ ಏಪ್ರಿಲ್‌ನಲ್ಲಿ ಗೋವೆಯಲ್ಲಿ ಡೆಂಪೊ ತಂಡವನ್ನು 4-2ರಿಂದ ಸೋಲಿಸಿ, ಮೊದಲ ಪ್ರಯತ್ನದಲ್ಲಿಯೇ ಐ-ಲೀಗ್ ಪ್ರಶಸ್ತಿಯನ್ನು ಗೆದ್ದಿತು. 2015ರ ಜನವರಿಯಲ್ಲಿ ಫೆಡರೇಷನ್ ಕಪ್ಪೂ ಕೈಸೇರಿತು.

ಆ ವರ್ಷದ ಮೇ 31ರ ಸಂಜೆಯನ್ನು ಕಂಠೀರವ ಕ್ರೀಡಾಂಗಣದಲ್ಲಿ ಕುಳಿತು ನೋಡಿದವರು ಮರೆತಿರಲಾರರು. ಲೀಗಿನ ಕಡೆಯ ಪಂದ್ಯ. ಬೆಂಗಳೂರಿಗೆ ಗೆಲುವೇ ಬೇಕು; ಮೋಹನ್ ಬಾಗಾನ್‌ಗೆ ಸಮಬಲವಾದರೂ ಸಾಕು. ಜಾನ್ ಜಾನ್ಸನ್‌ನ ಗೋಲಿನಿಂದ ಬೆಂಗಳೂರು ಮುಂದಾಯಿತು. ಮುಗಿಯಲು ಕೆಲವೇ ನಿಮಿಷಗಳಿರುವಾಗ ಬೆಲ್ಲೊ ರಜಾಕ್ ತಲೆಯಿಂದ ಚೆಂಡನ್ನು ಒಳಗಟ್ಟಿದನು. 1-1. ಕಪ್ಪು ಕಲ್ಕತ್ತೆಗೆ ಹೋಯಿತು. ಗೋಲು ಹೊಡೆದ ಇಬ್ಬರೂ ಬ್ಯಾಕ್ ಆಟಗಾರರೇ ಎಂಬುದು ವಿಧಿಯ ವಿನೋದವಲ್ಲವೆ? ಕಳೆದುದನ್ನು ಮರುವರ್ಷವೇ ಮರಳಿ ಗೆದ್ದುಕೊಟ್ಟು, 2016ರಲ್ಲಿ ವೆಸ್ಟ್‌ವುಡ್ ಬೆಂಗಳೂರನ್ನು ಬಿಟ್ಟನು.

ಗುರು ಶಿಷ್ಯರು ಎದುರಾದದ್ದು 2024ರ ಮಾರ್ಚ್ 26ರಂದು, ಗುವಾಹಾಟಿಯಲ್ಲಿ. ಭಾರತದ ಪರವಾಗಿ ಛೇತ್ರಿಗೆ ಅದು 150ನೆಯ ಪಂದ್ಯ. ಎದುರಾಳಿ ಆಫ್ಘಾನಿಸ್ತಾನ, ಅದರ ತರಬೇತುದಾರ ವೆಸ್ಟ್‌ವುಡ್. ತಮ್ಮ ದೇಶದ ಆಟದ ಸಂಘದೊಡನೆ ಮುನಿದು ಹಲವು ಮುಖ್ಯ ಆಟಗಾರರು ದೂರ ಉಳಿದಿದ್ದರು. ಅಂತಹ ತಂಡದಿಂದ ಯಾರಿಗೆ ಭಯ? ಛೇತ್ರಿ ಪೆನಾಲ್ಟಿಯಲ್ಲಿ ಗೋಲು ಹೊಡೆದನು; ಮೈದಾನ ಮೊಳಗಿತು. ಆದರೆ ಆಫ್ಘನರು ಕಂಗೆಡಲಿಲ್ಲ. ತಾಳಿದರು, ತಡೆದರು, ಕಾದರು. 70ನೆಯ ನಿಮಿಷದಲ್ಲಿ ಸಮಮಾಡಿದರು. 88ನೆಯ ನಿಮಿಷದಲ್ಲಿ ಪೆನಾಲ್ಟಿಯಿಂದಲೇ 2-1 ಮಾಡಿದರು.

ವಸ್ತಾದನ ಕೈಯಲ್ಲಿ ಉಳಿದಿದ್ದ ಪಟ್ಟು ಕಾಯುವ ಪಟ್ಟೇ ಇರಬೇಕು. ಏಕೆಂದರೆ 2025ರ ಜೂನ್ 10ರಂದು ಆತನ ಹಾಂಗ್‌ಕಾಂಗ್ ತಂಡಕ್ಕೂ ಭಾರತಕ್ಕೂ ಪಂದ್ಯ ನಡೆದಾಗ, 90 ನಿಮಿಷಗಳು ತುಂಬಿದರೂ ಗೋಲಿರಲಿಲ್ಲ. ನಿವೃತ್ತಿಯಿಂದ ಮರಳಿದ್ದ ಛೇತ್ರಿಯೂ ನಡುವೆ ಅಂಗಳಕ್ಕಿಳಿದಿದ್ದನು. ಹೆಚ್ಚುವರಿ ಸಮಯದಲ್ಲಿ ಮತ್ತೆ ಪೆನಾಲ್ಟಿ ದೊರೆಯಿತು, ಹಾಂಗ್‌ಕಾಂಗಿಗೆ. 1-0.